ಸೋದರಮಾವನ ಹಡಗು

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, “ಸಾರ್, ನೀವು ಸೂಯೆಜ್ ಕಾಲುವೆಯ ಪಾಠ ಮಾಡುವಾಗ ಹಲಗೆಯ ಮೇಲೆ ಒಂದು ಹಡಗು ಬರೆಯುತ್ತಿದ್ದಿರಿ. ಅದರ ಹೊಗೆಕೊಳವೆಗೆ ಎರಡು ಬಿಳಿ ಪಟ್ಟಿ ಎಳೆಯುತ್ತಿದ್ದಿರಿ. ಪುಸ್ತಕದ ಚಿತ್ರದಲ್ಲಿ ಆ ಪಟ್ಟಿಗಳಿರಲಿಲ್ಲ. ಏಕೆ?” ಎಂದು ಕೇಳಿದ. ಮೂವತ್ತಾರು ವರ್ಷಗಳ ಅಧ್ಯಾಪನದಲ್ಲಿ ಆ ಹಡಗನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಅದು ನಮ್ಮ ಮಾವನ ಹಡಗು ಮಾರಾಯ” ಎಂದಷ್ಟೇ ಹೇಳಿ ಮಾತು ಬದಲಿಸಿದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಬರೆದೇಬಿಡೋಣವೆಂದು ಕುಳಿತಿದ್ದೇನೆ.

ಹಡಗಿನ ಹೆಸರು ಕರಂಜಾ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಎಂಬ ಕಂಪನಿಯದು. 1948ರಲ್ಲಿ ಗ್ಲಾಸ್ಗೋ ನಗರದಲ್ಲಿ ಕಟ್ಟಿದ, ಹತ್ತು ಸಾವಿರ ಟನ್ನಿಗೆ ತುಸು ಮಿಕ್ಕಿದ ಹಡಗು. ಆ ಕಂಪನಿಯ ಹಡಗುಗಳ ಹೊಗೆಕೊಳವೆ ಕಪ್ಪು, ಅದರ ಮೇಲೆ ಎರಡು ಬಿಳಿ ಪಟ್ಟಿ. ಹೆಸರುಗಳೆಲ್ಲ ‘ಆ’ಕಾರದಲ್ಲಿ ಮುಗಿಯಬೇಕೆಂಬುದು ಅವರ ಸಂಪ್ರದಾಯವಾಗಿತ್ತು: ಕರಂಜಾ, ಕಂಪಾಲಾ, ದ್ವಾರಕಾ, ದಾರಾ. ಕರಂಜಾ ಎಂಬುದು ಮುಂಬಯಿ ಬಂದರಿನ ಆಚೆ ದಡದಲ್ಲಿರುವ ಒಂದು ಊರು. ಮುಂಬಯಿಯಿಂದ ಹೊರಟ ಈ ಹಡಗು ಪೂರ್ವ ಆಫ್ರಿಕದ ಮೊಂಬಾಸಾ, ದಾರ್ ಎಸ್ ಸಲಾಮ್‌ಗಳನ್ನು ಮುಟ್ಟಿ ದಕ್ಷಿಣದ ಡರ್ಬನ್ ವರೆಗೆ ಹೋಗುತ್ತಿತ್ತು.

ನನ್ನ ಸೋದರಮಾವ 1952ರಲ್ಲಿ ಈ ಹಡಗು ಹತ್ತಿದರು. ಕುಂದಾಪುರದ ಕಡೆಯ ನಮ್ಮ ಹಳ್ಳಿಯಿಂದ ಆಗುಂಬೆ ಘಾಟಿ ಹತ್ತಿ ಶಿವಮೊಗ್ಗೆಗೆ, ಅಲ್ಲಿಂದ ರೈಲುಗಳನ್ನು ಬದಲಿಸುತ್ತ ಮುಂಬಯಿಗೆ. ಮೊಂಬಾಸಾದ ಗುಜರಾತಿ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಅಲ್ಲಿಗೆ ಭಾರತೀಯರು ಹೋಗುವುದು ಆ ಹೊತ್ತಿಗೆ ಹೊಸದೇನಲ್ಲ. 1896ರಿಂದ 1901ರ ವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ರೈಲುಹಳಿ ಹಾಕಲು ಇಲ್ಲಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಸಾಗಿಸಿದ್ದರು. ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲೇ ಮಣ್ಣಾದರು. ನಮ್ಮ ಮಾವನಿಗೆ ಈ ಚರಿತ್ರೆಯೆಲ್ಲ ತಿಳಿದಿರಲಿಲ್ಲ. ತಿಳಿದಿದ್ದದ್ದು ಒಂದೇ: ಮನೆಯ ಮಾಡು ಸೋರುತ್ತಿತ್ತು, ಇಬ್ಬರು ತಂಗಿಯಂದಿರ ಮದುವೆಯಾಗಬೇಕಿತ್ತು.

ಅವರು ಊರಿಗೆ ಮರಳಿದ್ದು ಒಂದೇ ಸಲ, 1958ರ ಬೇಸಗೆಯಲ್ಲಿ. ನನಗೆ ಆಗ ಹತ್ತು ವರ್ಷ. ಅವರು ತಂದ ಕಬ್ಬಿಣದ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಹಡಗಿನ ಚೀಟಿಯನ್ನು ನಾನು ಬೆರಳಿನಿಂದ ಸವರಿ ಸವರಿ ಓದುತ್ತಿದ್ದೆ. ಹಡಗಿನಲ್ಲಿ ಮೊದಲ ದರ್ಜೆ, ಎರಡನೆಯ ದರ್ಜೆ, ಆಮೇಲೆ ಡೆಕ್ಕು. ಮಾವನದು ಡೆಕ್ಕಿನ ಟಿಕೇಟು. ಅಲ್ಲಿ ಕೋಣೆಯಿಲ್ಲ, ಹಾಸಿಗೆ ಬಿಚ್ಚಿದಲ್ಲಿ ಮನೆ. ಗುಜರಾತಿಗಳು ಒಂದು ಮೂಲೆ, ಪಂಜಾಬಿಗಳು ಒಂದು ಮೂಲೆ, ಗೋವೆಯವರು ಇನ್ನೊಂದು ಮೂಲೆ. ಕನ್ನಡ ಬಲ್ಲವರು ಯಾರೂ ಇಲ್ಲದ್ದರಿಂದ ಮಾವ ಹಗ್ಗದ ಸುರುಳಿಯೊಂದರ ಪಕ್ಕದಲ್ಲಿ ಒಬ್ಬರೇ. ಊರಿನಿಂದ ಕಟ್ಟಿಕೊಂಡು ಹೋದ ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿಯಲ್ಲೇ ಮೊದಲ ನಾಲ್ಕು ದಿನ ಕಳೆದರಂತೆ. ಐದನೆಯ ದಿನ ಪಕ್ಕದ ಗುಜರಾತಿ ಅಜ್ಜಿಯೊಬ್ಬಳು ಗದರಿಸಿ ರೊಟ್ಟಿ ಕೊಟ್ಟಳಂತೆ. ಮೇಲಿನ ಅಂತಸ್ತಿನವರು ಸಂಜೆಯ ಹೊತ್ತು ಕಂಬಿ ಹಿಡಿದು ನಿಂತು ಕೆಳಗಿನವರನ್ನು ನೋಡುತ್ತಿದ್ದರಂತೆ. “ನಾವು ಸಮುದ್ರ ನೋಡಿದೆವು, ಅವರು ನಮ್ಮನ್ನು ನೋಡಿದರು” ಎಂದು ಮಾವ ನಗುತ್ತಿದ್ದರು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಸಮುದ್ರ ದಾಟಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳದೆ ಪಂಕ್ತಿಯಲ್ಲಿ ಕೂಡುವಂತಿಲ್ಲವೆಂದು ಅಜ್ಜಿ ಹಟ ಹಿಡಿದರು. 1958ರಲ್ಲಿ ಹೀಗೂ ಇತ್ತೇ ಎಂದು ನೀವು ಕೇಳಬಹುದು. ಎಲ್ಲ ಮನೆಗಳಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಇತ್ತು. ಮಾವ ಒಪ್ಪಲಿಲ್ಲ. “ಹೊಟ್ಟೆಪಾಡಿಗೆ ಹೋದದ್ದು ಪಾಪವಾದರೆ ನಾನು ಕಳಿಸಿದ ಹಣವೂ ಪಾಪವೇ? ಈ ಮಾಡಿನ ಹಂಚು ಇಳಿಸುತ್ತೀರಾ?” ಎಂದು ಒಮ್ಮೆ ಕೇಳಿದರು, ಮತ್ತೆ ಆ ವಿಷಯ ಎತ್ತಲಿಲ್ಲ. ಅವರಿಗೆ ಹೊರಜಗಲಿಯಲ್ಲಿ ಎಲೆ. ನನ್ನ ಅಮ್ಮ ಬಡಿಸುತ್ತಿದ್ದಳು. ಮಜ್ಜಿಗೆ ಕೊಂಡೊಯ್ಯುವ ಕೆಲಸ ನನ್ನದು. ಒಂದು ಮಧ್ಯಾಹ್ನ ಅವರು ಪಕ್ಕದ ನೆಲವನ್ನು ಕೈಯಿಂದ ತಟ್ಟಿ, “ಮಾಣಿ, ಇಲ್ಲೇ ಕೂಕೋ. ಹಡಗಿನ ಕಥೆ ಹೇಳ್ತೆ” ಎಂದರು. ನನಗೆ ಕೂಡಬೇಕೆಂದು ಪ್ರಾಣ ಹೋಗುವಷ್ಟು ಆಸೆ. ಒಳಗಿನಿಂದ ಅಜ್ಜಿ ನೋಡುತ್ತಿದ್ದರು. “ನನಗೆ ಒಳಗೆ ಎಲೆ ಹಾಕಿದೆ ಮಾವ” ಎಂದು ತಂಬಿಗೆ ಇಟ್ಟು ಓಡಿದೆ.

ಅಜ್ಜಿ ಕೆಟ್ಟವರಲ್ಲ. ರಾತ್ರಿ ಗೋಡೆಯ ಕಡೆಗೆ ತಿರುಗಿ ಅಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಮಗ ಹೋದ ಮೇಲೆ ಆ ಪೆಟ್ಟಿಗೆಯನ್ನು ತಮ್ಮ ಮಂಚದ ಕೆಳಗೇ ಇರಿಸಿಕೊಂಡರು.

ಶಿಕ್ಷಕನಾದ ಮೇಲೆ ನಾನು ಹಡಗುಗಳ ಚರಿತ್ರೆಯನ್ನು ಹುಡುಕಿ ಹುಡುಕಿ ಓದಿದ್ದು ಈ ಕಾರಣಕ್ಕೇ ಇರಬೇಕು. ಓದಿದಷ್ಟೂ ಅಜ್ಜಿಯ ಕಟ್ಟಳೆ ವಿಚಿತ್ರವಾಗಿ ಕಾಣತೊಡಗಿತು. ಬಾರಕೂರು, ಬಸರೂರು, ಭಟ್ಕಳ ಇವೆಲ್ಲ ಕಡಲಿನಿಂದಲೇ ಬದುಕಿದ ಊರುಗಳು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಬೆನ್ ಯಿಜು ಎಂಬ ಯಹೂದಿ ವರ್ತಕನ ಆಳು ಬೊಮ್ಮ, ಒಡೆಯನ ವ್ಯಾಪಾರಕ್ಕಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ. ಕೈರೋದ ಯಹೂದಿ ಮಂದಿರದಲ್ಲಿ ಉಳಿದ ಪತ್ರಗಳಿಂದ ಇದು ತಿಳಿದಿದೆ. ಅವನಿಗೆ ಹೊರಜಗಲಿಯಲ್ಲಿ ಎಲೆ ಹಾಕಿದರೋ ಇಲ್ಲವೋ ಪತ್ರಗಳು ಹೇಳುವುದಿಲ್ಲ.

1888ರ ಸೆಪ್ಟೆಂಬರ್ 4ರಂದು ಹತ್ತೊಂಬತ್ತು ತುಂಬದ ಗಾಂಧೀಜಿ ‘ಕ್ಲೈಡ್’ ಎಂಬ ಹಡಗಿನಲ್ಲಿ ಮುಂಬಯಿಯಿಂದ ಹೊರಟಾಗ ಅವರ ಜಾತಿಯ ಪಂಚರು ಬಹಿಷ್ಕಾರ ಹಾಕಿದ್ದರು. ಹಡಗಿನ ಊಟದ ಕೋಣೆಗೆ ಹೋಗಲು ಸಂಕೋಚಪಟ್ಟು, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ತಿಂದುಕೊಂಡು ಕೋಣೆಯಲ್ಲಿ ಕುಳಿತಿದ್ದರು. ಮಾವನ ಅವಲಕ್ಕಿಯ ಕಥೆಯೇ ಇದು. ಇದಕ್ಕೆ ತದ್ವಿರುದ್ಧವಾದದ್ದು ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಹನ ಯಾತ್ರೆ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಆತ ‘ಒಲಿಂಪಿಯಾ’ ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದು, ಶುದ್ಧಿ ಮಾಡಿಸಿ, ದೇವರನ್ನು ಕೂರಿಸಿಕೊಂಡು, ತಲಾ ಸುಮಾರು 4000 ಲೀಟರು ಹಿಡಿಯುವ ಮೂರು ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ಅವುಗಳಲ್ಲಿ ಎರಡು ಈಗಲೂ ಜಯಪುರದ ಅರಮನೆಯಲ್ಲಿವೆ; ನಾವು ಪ್ರವಾಸ ಹೋದಾಗ ನೋಡಿ ಬಂದೆವು. ಉಳಿದವರು ಫೋಟೋ ತೆಗೆಯುತ್ತಿದ್ದರು. ನಾನು ಮಾತ್ರ, ಗಂಗೆಯನ್ನು ಜೊತೆಗೆ ಒಯ್ಯಲು ಶಕ್ತಿಯಿದ್ದವನಿಗೆ ಶಾಸ್ತ್ರ ದಾರಿ ಬಿಟ್ಟಿತು, ಅವಲಕ್ಕಿ ಒಯ್ದವನಿಗೆ ಬಿಡಲಿಲ್ಲವಲ್ಲ ಎಂದು ಯೋಚಿಸುತ್ತ ನಿಂತಿದ್ದೆ.

ಉಗಿಹಡಗುಗಳ ಚರಿತ್ರೆಯಾದರೂ ಬಹಳ ಹಳೆಯದಲ್ಲ. 1838ರಲ್ಲಿ ‘ಸಿರಿಯಸ್’ ಮತ್ತು ‘ಗ್ರೇಟ್ ವೆಸ್ಟರ್ನ್’ ಎಂಬೆರಡು ಹಡಗುಗಳು ಉಗಿಯ ಬಲದಿಂದ ಅಟ್ಲಾಂಟಿಕ್ ದಾಟಿ ಒಂದರ ಬೆನ್ನಿಗೊಂದು ನ್ಯೂಯಾರ್ಕ್ ಸೇರಿದವು. ಎರಡು ವರ್ಷದಲ್ಲಿ ಕ್ಯುನಾರ್ಡ್ ಕಂಪನಿ ಟಪಾಲು ಹೊತ್ತು, ಹೇಳಿದ ದಿನ ಹೊರಡುವ ಹಡಗುಗಳನ್ನು ಆರಂಭಿಸಿತು. ಗೊತ್ತಾದ ಹಾದಿಯಲ್ಲಿ, ಗೊತ್ತಾದ ವೇಳೆಗೆ, ಗಾಳಿಯ ಮರ್ಜಿ ಕಾಯದೆ ಓಡಾಡುವುದು: ಲೈನರ್ ಎಂಬ ಮಾತಿನ ಅರ್ಥ ಇಷ್ಟೇ. ಮುಂಗಾರು ಗಾಳಿಗೆ ಹಾಯಿ ಬಿಚ್ಚಿ ಇನ್ನೊಂದು ಗಾಳಿಗೆ ಮರಳುತ್ತಿದ್ದ ನಮ್ಮ ಕಡಲಿಗೆ ಇದು ಎಷ್ಟು ದೊಡ್ಡ ಬದಲಾವಣೆಯೆಂದು ಹಾಯಿಹಡಗಿನವರಿಗೇ ಗೊತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಆಫ್ರಿಕವನ್ನು ಸುತ್ತುವ ಕೆಲಸವೂ ತಪ್ಪಿತು. (ಹೋಗುವಾಗ ಎಡಬದಿಯ ಕೋಣೆ, ಬರುವಾಗ ಬಲಬದಿಯ ಕೋಣೆ, ಅಂದರೆ ನೆರಳಿನ ಬದಿ, ಬೇಕೆನ್ನುವ ಸಿರಿವಂತರ ಟಿಕೇಟಿನಿಂದ ‘ಪಾಶ್’ ಎಂಬ ಪದ ಹುಟ್ಟಿತೆಂದು ನಾನೂ ಕೆಲವು ವರ್ಷ ತರಗತಿಯಲ್ಲಿ ಹೇಳಿದ್ದುಂಟು. ಅಂಥ ಟಿಕೇಟು ಒಂದೂ ಸಿಕ್ಕಿಲ್ಲವೆಂದು ಆಮೇಲೆ ತಿಳಿಯಿತು. ಆ ವರ್ಷಗಳ ವಿದ್ಯಾರ್ಥಿಗಳು ತಿದ್ದಿಕೊಳ್ಳಬೇಕು.)

ಬ್ರೂನೆಲ್ ಎಂಬ ಎಂಜಿನಿಯರು ಕಟ್ಟಿದ ‘ಗ್ರೇಟ್ ಈಸ್ಟರ್ನ್’ ಹಡಗಿನ ಕಥೆ ನನಗೆ ಬಹಳ ಪ್ರಿಯವಾದದ್ದು. 1858ರಲ್ಲಿ ನೀರಿಗಿಳಿದ ಇದರ ಉದ್ದ 692 ಅಡಿ. ನಾಲ್ಕು ಸಾವಿರ ಜನರನ್ನು ಹೊತ್ತು, ದಾರಿಯಲ್ಲಿ ಎಲ್ಲಿಯೂ ಕಲ್ಲಿದ್ದಲು ತುಂಬಿಸದೆ ಪೂರ್ವದೇಶಗಳಿಗೆ ಓಡಬೇಕೆಂಬುದು ಬ್ರೂನೆಲನ ಕನಸು. ಅಷ್ಟು ಪ್ರಯಾಣಿಕರು ಎಂದೂ ಸಿಗಲಿಲ್ಲ. ಕೊನೆಗೆ ಅದು ತಂತಿ ಹಾಸುವ ಹಡಗಾಗಿ, 1866ರಲ್ಲಿ ಅಟ್ಲಾಂಟಿಕ್ಕಿನ ತಳದಲ್ಲಿ ಟೆಲಿಗ್ರಾಫ್ ತಂತಿಯನ್ನು ಹಾಸಿತು. 1870ರಲ್ಲಿ ಮುಂಬಯಿಗೆ ಬಂದು ಅಲ್ಲಿಂದ ಏಡನ್ನಿಗೆ ತಂತಿ ಎಳೆಯಿತು. ಯಾವ ಪೂರ್ವಕ್ಕಾಗಿ ಹುಟ್ಟಿತ್ತೋ ಆ ಪೂರ್ವವನ್ನು ಅದು ನೋಡಿದ್ದು ಪ್ರಯಾಣಿಕರಿಲ್ಲದೆ.

ಟೈಟಾನಿಕ್ ಬಗ್ಗೆ ನಾನು ಬರೆಯುವುದಿಲ್ಲ. ಸಿನಿಮಾ ನೋಡದವರು ನಿಮ್ಮಲ್ಲಿ ಯಾರಿದ್ದೀರಿ? ಒಂದು ಅಂಕಿ ಮಾತ್ರ ನೆನಪಿರಲಿ. ಹಡಗಿನಲ್ಲಿದ್ದವರು ಸುಮಾರು 2200, ರಕ್ಷಣೆಯ ದೋಣಿಗಳಲ್ಲಿ ಇದ್ದ ಜಾಗ 1178 ಜನಕ್ಕೆ. ನಿಯಮದ ಪ್ರಕಾರ ಅದೂ ಹೆಚ್ಚಾಗಿಯೇ ಇತ್ತು, ಏಕೆಂದರೆ ದೋಣಿಗಳನ್ನು ಲೆಕ್ಕ ಹಾಕುತ್ತಿದ್ದದ್ದು ಹಡಗಿನ ಗಾತ್ರದಿಂದ, ತಲೆಗಳಿಂದಲ್ಲ.

ನಮ್ಮ ಕಡೆಯ ಒಂದು ಹಡಗನ್ನು ಮಾತ್ರ ಬಿಡಲಾರೆ: ಪಿ ಅಂಡ್ ಓ ಕಂಪನಿಯ ‘ನಾರ್ಕುಂಡಾ’. 1921ರಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಸಿ. ವಿ. ರಾಮನ್ ಇದರ ಅಟ್ಟದಲ್ಲಿ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿದರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರ್‍ಯಾಲೆಯಂಥವರು ಹೇಳಿಬಿಟ್ಟಿದ್ದ ಕಾಲ. ರಾಮನ್ ಜೇಬಿನಲ್ಲಿದ್ದ ನಿಕಾಲ್ ಪ್ರಿಸಮ್ ತೆಗೆದು, ನೀರಿನ ಮೇಲಿನಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚದರಿಸುತ್ತದೆ ಎಂಬ ಲೇಖನವನ್ನು ಹಡಗಿನಲ್ಲಿಯೇ ಬರೆದು ಮುಂಬಯಿ ಬಂದರಿನಿಂದ ‘ನೇಚರ್’ ಪತ್ರಿಕೆಗೆ ಕಳಿಸಿದರು. ಆ ದಾರಿಯೇ 1928ರ ಫೆಬ್ರವರಿ 28ಕ್ಕೂ, 1930ರ ನೊಬೆಲ್ ಬಹುಮಾನಕ್ಕೂ ಕರೆದೊಯ್ದದ್ದು. ಎರಡನೆಯ ಮಹಾಯುದ್ಧದಲ್ಲಿ, 1942ರ ನವೆಂಬರ್ 14ರಂದು, ಅಲ್ಜೀರಿಯಾದ ಬೂಜಿ ಬಂದರಿನ ಬಳಿ ಜರ್ಮನ್ ವಿಮಾನಗಳ ಬಾಂಬಿಗೆ ನಾರ್ಕುಂಡಾ ಮುಳುಗಿತು. ಮುಳುಗಿದ್ದು ಅದೇ ಮೆಡಿಟರೇನಿಯನ್ನಿನಲ್ಲಿ. ಅದಕ್ಕೆ ಎರಡು ದಿನ ಮೊದಲು ಅದೇ ಬೂಜಿಯಲ್ಲಿ ಮುಳುಗಿದ ಇನ್ನೊಂದು ಹಡಗಿನ ಹೆಸರು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅದು ಕರಂಜಾ! 1931ರಲ್ಲಿ ಕಟ್ಟಿದ ಹಳೆಯ ಕರಂಜಾ. ಮಾವ ಹತ್ತಿದ್ದು ಅದರ ಹೆಸರನ್ನು ಹೊತ್ತ ಹೊಸ ಹಡಗನ್ನು.

ಈ ಹಡಗುಗಳನ್ನು ಓಡಿಸಿದವರಾರು? ಪಿ ಅಂಡ್ ಓ ಕಂಪನಿಯ ಭೋಜನಶಾಲೆಗಳಲ್ಲಿ ಬಡಿಸುತ್ತಿದ್ದವರು ಬಹುಪಾಲು ಗೋವೆಯವರು. ಅಟ್ಟದ ಮೇಲಿನ ಖಲಾಸಿಗಳು ಪಶ್ಚಿಮ ಕರಾವಳಿಯವರು. ಕೆಳಗೆ ಬೆಂಕಿಯ ಮುಂದೆ ಕಲ್ಲಿದ್ದಲು ಎಸೆಯುತ್ತಿದ್ದವರು ಪಂಜಾಬದವರು, ಪಠಾಣರು. ಇವರ ಸಂಬಳದ ಪತ್ರ ಬೇರೆ, ಊಟದ ಪ್ರಮಾಣ ಬೇರೆ, ಮಲಗುವ ಜಾಗದ ಅಳತೆಯೂ ಬೇರೆ. ಬಿಳಿಯ ನಾವಿಕನ ಸಂಬಳದ ಸಣ್ಣದೊಂದು ಪಾಲು ಇವರದು. ಪಂಕ್ತಿಭೇದ ನಮ್ಮ ಅಜ್ಜಿಯೊಬ್ಬರದೇ ಆಗಿರಲಿಲ್ಲ.

ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ್ದು 1958ರ ಅಕ್ಟೋಬರಿನಲ್ಲಿ. ಮಾವ ಜಗಲಿಯಲ್ಲಿ ಉಂಡು ಹೋದ ವರ್ಷವೇ. ಆರೇಳು ದಿನದ ಹಾದಿ ಆರೇಳು ಗಂಟೆಯದಾದ ಮೇಲೆ ಹಡಗಿಗೆ ಯಾರು ಬರುತ್ತಾರೆ? 1967ರಲ್ಲಿ ‘ಕ್ವೀನ್ ಮೇರಿ’ ನಿವೃತ್ತಳಾಗಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸೇರಿದಳು. ಯುದ್ಧಕಾಲದಲ್ಲಿ ಒಂದೇ ಯಾನದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತ ಹಡಗು ಅದು. ನಮ್ಮ ಕರಂಜಾವನ್ನು 1976ರಲ್ಲಿ ಭಾರತದ ಶಿಪ್ಪಿಂಗ್ ಕಾರ್ಪೊರೇಷನ್ ಕೊಂಡು, ನಿಕೋಬಾರಿನ ದ್ವೀಪವೊಂದರ ಹೆಸರಿನಿಂದ ‘ನಾನ್‌ಕೌರಿ’ ಎಂದು ಕರೆಯಿತು. ಎಷ್ಟೋ ಕರಾವಳಿಯವರು ಕೊಲ್ಲಿ ದೇಶಗಳಿಗೆ ಹೋಗಲು ಮುಂಬಯಿಯಲ್ಲಿ ಹತ್ತುತ್ತಿದ್ದ ‘ದ್ವಾರಕಾ’ 1982ರ ವರೆಗೆ ಓಡಿತು. ಆ ದಾರಿಯ ಇನ್ನೊಂದು ಹಡಗು ‘ದಾರಾ’ 1961ರ ಏಪ್ರಿಲ್ 8ರಂದು ದುಬೈ ಬಳಿ ಸ್ಫೋಟಗೊಂಡು 238 ಜನ ತೀರಿಕೊಂಡರು. ಟೈಟಾನಿಕ್ ಗೊತ್ತಿದ್ದವರಿಗೆ ದಾರಾ ಗೊತ್ತಿಲ್ಲ.

ಮಾವನೂ ಅಷ್ಟರಲ್ಲಿ ಮೊಂಬಾಸಾ ಬಿಟ್ಟಿದ್ದರು. ಕೀನ್ಯಾದಲ್ಲಿ ಭಾರತೀಯರಿಗೆ ಕಷ್ಟಕಾಲ ಬಂದಾಗ, 1968ರಲ್ಲಿ, ಬಾಗಿಲು ಮುಚ್ಚುವ ಮುನ್ನ ಇಂಗ್ಲೆಂಡಿಗೆ ಓಡಿದ ಸಾವಿರಾರು ಮಂದಿಯಲ್ಲಿ ಅವರದೂ ಒಂದು ಕುಟುಂಬ. ಈ ಸಲ ವಿಮಾನದಲ್ಲಿ. ಲೆಸ್ಟರಿನಿಂದ ಅವರು ಬರೆದ ಪತ್ರ 1975ರಲ್ಲಿ ಬಂತು. ನನ್ನ ಮದುವೆ ಗೊತ್ತಾಗಿತ್ತು. “ಬರಬೇಕೆಂದಿದ್ದೇನೆ. ಊಟಕ್ಕೆ ಎಲ್ಲಿ ಕೂರಿಸುತ್ತೀರಿ ಎಂದು ಮೊದಲೇ ತಿಳಿಸು” ಎಂದು ಬರೆದಿದ್ದರು. ಅದು ತಮಾಷೆಯೋ ಅಲ್ಲವೋ ಇಂದಿಗೂ ನನಗೆ ಗೊತ್ತಾಗಿಲ್ಲ. ಅಜ್ಜಿ ಬದುಕಿದ್ದರು. ನಾನು ಪತ್ರವನ್ನು ಅವರಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಆಗ ನಾನು ಐದು ವರ್ಷದ ಅನುಭವವಿದ್ದ ಶಿಕ್ಷಕ. ತರಗತಿಯಲ್ಲಿ ಸಮಾನತೆಯ ಪಾಠ ಮಾಡುತ್ತಿದ್ದವನು. “ನನ್ನ ಪಕ್ಕದಲ್ಲಿ ಕೂರುತ್ತೀರಿ ಮಾವ” ಎಂದು ಒಂದು ಸಾಲು ಬರೆದರೆ ಸಾಕಿತ್ತು. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದು ಮುಂದೂಡಿದೆ. ಮದುವೆಯಾಗಿ ಮೂರು ವಾರದ ಮೇಲೆ ಫೋಟೋ ಇಟ್ಟು ಪತ್ರ ಹಾಕಿದೆ. ಅವರು ಆಶೀರ್ವಾದ ಬರೆದು ಹಣ ಕಳಿಸಿದರು. 1978ರಲ್ಲಿ ಅಜ್ಜಿ ಹೋದರು, 1983ರಲ್ಲಿ ಮಾವ. ಈ ವಿಷಯ ನನ್ನ ಹೆಂಡತಿಗೂ ಮಕ್ಕಳಿಗೂ ಈ ಬರಹದಿಂದಲೇ ತಿಳಿಯುತ್ತಿದೆ.

2015ರಲ್ಲಿ ಮಗಳು, ಅಳಿಯ ನಮ್ಮನ್ನು ಸಿಂಗಾಪುರದಿಂದ ಹೊರಡುವ ಕ್ರೂಸ್ ಹಡಗಿಗೆ ಹತ್ತಿಸಿದರು. ಈ ಕ್ರೂಸ್ ಎಂಬುದೂ ಹೊಸ ಉಪಾಯವಲ್ಲ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರಿಲ್ಲದೆ ಹಡಗುಗಳು ಸುಮ್ಮನೆ ನಿಲ್ಲುವುದನ್ನು ನೋಡಲಾರದೆ, ಜರ್ಮನಿಯ ಆಲ್ಬರ್ಟ್ ಬಾಲಿನ್ ಎಂಬಾತ 1891ರ ಜನವರಿಯಲ್ಲಿ ತನ್ನ ಕಂಪನಿಯ ಹಡಗೊಂದನ್ನು ಮೆಡಿಟರೇನಿಯನ್ ಸುತ್ತಾಟಕ್ಕೆ ಕಳಿಸಿದ್ದ. ಹೊರಟಲ್ಲಿಗೇ ಮರಳುವ ಪ್ರಯಾಣಕ್ಕೆ ದುಡ್ಡು ಕೊಡುವವರಿದ್ದಾರೆಂದು ಆಗಲೇ ಸಿದ್ಧವಾಯಿತು. ವಿಮಾನ ಬಂದ ಮೇಲೆ ಉಳಿದದ್ದು ಇದೊಂದೇ. 2024ರಲ್ಲಿ ಓಡಾಟ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಸುಮಾರು 2,48,000 ಟನ್ನಿನದು; ಟೈಟಾನಿಕ್ಕಿನ ಐದರಷ್ಟು. ನಮ್ಮ ಹಡಗು ಅಷ್ಟು ದೊಡ್ಡದಲ್ಲ. ಆದರೂ ಒಳಗೆ ಅಂಗಡಿಬೀದಿ, ಈಜುಕೊಳ, ನಾಟಕಶಾಲೆ ಎಲ್ಲ ಇದ್ದು, ಸಮುದ್ರ ಕಾಣಬೇಕಾದರೆ ಹುಡುಕಿಕೊಂಡು ಹೋಗಬೇಕಿತ್ತು.

ಎರಡನೆಯ ರಾತ್ರಿ ಊಟದ ಮೇಜಿಗೆ ಬಂದ ಬಡಿಸುವವನು ನನ್ನ ಮುಖ ನೋಡಿ ನಿಂತುಬಿಟ್ಟ. “ಸಾರ್, ನೀವು ಸಮಾಜ ಪಾಠದ ಸಾರ್ ಅಲ್ವಾ?” ಬೈಂದೂರಿನ ಕಡೆಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತು ತಿಂಗಳ ಕರಾರು, ಎರಡು ತಿಂಗಳ ರಜೆ, ಮತ್ತೆ ಹಡಗು. ಊರಿನಲ್ಲಿ ಮನೆ ಕಟ್ಟಿಸಿದ್ದಾನೆ, ತಂಗಿಯ ಮದುವೆ ಮಾಡಿದ್ದಾನೆ. ನನಗೆ ಗಂಟಲು ಕಟ್ಟಿತು. ಪಕ್ಕದ ಖಾಲಿ ಕುರ್ಚಿಯನ್ನು ಎಳೆದು, “ಕೂತುಕೋ ಮಾರಾಯ, ಐದು ನಿಮಿಷ” ಎಂದೆ. ಅವನು ಸುತ್ತ ನೋಡಿ, ಮೆಲ್ಲಗೆ, “ನಮಗೆ ಇಲ್ಲಿ ಕೂರಲಿಕ್ಕೆ ಇಲ್ಲ ಸಾರ್” ಎಂದ. ಮರುದಿನ ಸಿಬ್ಬಂದಿಯ ಅಡುಗೆಮನೆಯಿಂದ ಒಂದು ಬಟ್ಟಲು ಅನ್ನ, ಮೊಸರು, ನಿಂಬೆ ಉಪ್ಪಿನಕಾಯಿ ತಂದಿಟ್ಟು, ನಾನು ಉಣ್ಣುವುದನ್ನು ನೋಡುತ್ತ ಕೈಕಟ್ಟಿ ನಿಂತಿದ್ದ.

2020ರ ಫೆಬ್ರವರಿಯಲ್ಲಿ ಕೊರೋನಾ ಹಬ್ಬಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ಕ್ರೂಸ್ ಹಡಗನ್ನು ಜಪಾನಿನ ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಿದಾಗ ಅದರಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು 6 ಮಂದಿ, ಉಳಿದ 132 ಮಂದಿ ಕೆಲಸದವರು. ಸುದ್ದಿ ಓದಿದ ದಿನವೇ ಬೈಂದೂರಿನ ಹುಡುಗನಿಗೆ ಫೋನು ಮಾಡಿದೆ. ಅವನು ರಜೆಯಲ್ಲಿ ಊರಿನಲ್ಲಿದ್ದ.

ಕಬ್ಬಿಣದ ಪೆಟ್ಟಿಗೆ ನಮ್ಮ ಮನೆಯ ಅಟ್ಟದಲ್ಲಿದೆ. ಚೀಟಿಯ ಮೇಲಿನ ಅಕ್ಷರಗಳು ಮಾಸಿವೆ. ಮಾವನದೊಂದು ಫೋಟೋ ಮಾತ್ರ ನಮ್ಮಲ್ಲಿ ಇಲ್ಲ. 1958ರಲ್ಲಿ ಕುಂದಾಪುರದ ಸ್ಟುಡಿಯೋದಲ್ಲಿ ತಂಗಿಯಂದಿರ ಜೊತೆ ನಿಂತು ತೆಗೆಸಿದ್ದರೆಂದು ಅಮ್ಮ ಹೇಳುತ್ತಿದ್ದಳು. ಬಂಧುಗಳಲ್ಲಿ ಯಾರ ಮನೆಯ ಹಳೆಯ ಆಲ್ಬಮ್ಮಿನಲ್ಲಾದರೂ ಅದು ಇದ್ದರೆ ದಯವಿಟ್ಟು ಒಂದು ಪ್ರತಿ ಕಳಿಸಿ. ಲೆಸ್ಟರಿನಲ್ಲಿರುವ ಅವರ ಮೊಮ್ಮಗಳು ಕೇಳಿದ್ದಾಳೆ. ಬರುವ ಡಿಸೆಂಬರಿನಲ್ಲಿ ಅವಳು ಊರಿಗೆ ಬರುತ್ತಾಳಂತೆ.